ಜರ್ನಲ್ ಚಂದಾ: ಏಜೆಂಟ್ ಮೂಲಕವೋ, ನೇರವಾಗಿಯೋ, ಪ್ಯಾಕೇಜಿನಲ್ಲೋ?

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಜರ್ನಲ್ ತರಿಸುವ ಕೆಲಸ ನನ್ನದು. ಪುಸ್ತಕವಾದರೆ ಒಮ್ಮೆ ಕೊಂಡರೆ ಮುಗಿಯಿತು. ಜರ್ನಲ್ ಹಾಗಲ್ಲ. ಮೊದಲು ಹಣ ಕಟ್ಟಬೇಕು, ಆಮೇಲೆ ವರ್ಷವಿಡೀ ಸಂಚಿಕೆಗಳಿಗೆ ಕಾಯಬೇಕು. ಒಂದು ಬರದಿದ್ದರೆ ಯಾರನ್ನು ಕೇಳೋದು? ಅದು ನಾವು ಯಾವ ದಾರಿಯಲ್ಲಿ ಚಂದಾ ಕಟ್ಟಿದೆವು ಅನ್ನೋದರ ಮೇಲೆ ನಿಂತಿದೆ. ಹಲವು ಪ್ರಕಾಶಕರ ಚಂದಾವನ್ನು ನಮ್ಮ ಪರವಾಗಿ ಕಟ್ಟುವ ಏಜೆಂಟ್, ಪ್ರಕಾಶಕರಿಗೆ ನೇರ ಪಾವತಿ, ಪ್ಯಾಕೇಜ್ – ಮೂರನ್ನೂ ನಾನು ಮಾಡಿ ನೋಡಿದ್ದೇನೆ.

ಮೊದಲು ಎಲ್ಲವೂ ಏಜೆಂಟ್ ಮೂಲಕವೇ ಬರುತ್ತಿತ್ತು. ಸೇವಾ ಶುಲ್ಕ ಉಳಿಯುತ್ತದಲ್ವಾ ಅಂತ ಒಂದು ವರ್ಷ ಸುಮಾರು ನಲವತ್ತು ಜರ್ನಲ್‌ಗಳಿಗೆ ನೇರವಾಗಿ ಚಂದಾ ಕಟ್ಟಿದೆವು. ಶುಲ್ಕವೇನೋ ಉಳಿಯಿತು. ಆದರೆ ಅಲ್ಲಿಯವರೆಗೆ ಒಂದೇ ಇನ್ವಾಯ್ಸ್ ಬರುತ್ತಿದ್ದ ಕಡೆ ಮೂವತ್ತಕ್ಕೂ ಹೆಚ್ಚು ಇನ್ವಾಯ್ಸ್ ಬಂದವು. ಪ್ರತಿಯೊಂದಕ್ಕೂ ಬೇರೆ ಲಾಗಿನ್, ಬೇರೆ ನವೀಕರಣದ ದಿನಾಂಕ, ಬೇರೆ ಇಮೇಲ್ ವಿಳಾಸ. ಇದಕ್ಕೆಲ್ಲ ಹೋದ ನನ್ನ ಸಮಯವನ್ನು ಉಳಿತಾಯದ ಲೆಕ್ಕದಲ್ಲಿ ಯಾರೂ ಹಿಡಿದಿರಲಿಲ್ಲ.

ಅದೇ ವರ್ಷ ಒಂದು ಸಣ್ಣ ವಿದ್ವತ್ ಸಂಘದ ತ್ರೈಮಾಸಿಕ ಕೈಕೊಟ್ಟಿತು. ಮೂರನೇ ಸಂಚಿಕೆ ದಾಖಲಿಸಲು ಕಂಪ್ಯೂಟರಿನಲ್ಲಿ ಪುಟ ತೆರೆದಾಗ 1ರ ಎದುರು ದಿನಾಂಕವಿತ್ತು, 2ರ ಎದುರು ಖಾಲಿ. ಬರದ ಸಂಚಿಕೆ ಕೇಳಿ ಪಡೆಯೋದಕ್ಕೆ ನಾವು ಕ್ಲೇಮ್ ಅನ್ನುತ್ತೇವೆ. ಅದಕ್ಕೆ ಪ್ರಕಾಶಕರು ಸಾಮಾನ್ಯವಾಗಿ ಕೆಲವೇ ತಿಂಗಳ ಗಡುವು ಇಟ್ಟಿರುತ್ತಾರೆ. ಸರಿಯಾದ ವಿಳಾಸ ಹುಡುಕಿ, ಎರಡು ಸಲ ನೆನಪಿಸಿ, ಉತ್ತರ ಬರುವಷ್ಟರಲ್ಲಿ ಗಡುವು ದಾಟಿತ್ತು. ಪ್ರತಿಗಳೂ ಮುಗಿದಿದ್ದವು. ಆ ಸಂಪುಟವನ್ನು ಹಾಗೇ ಬೈಂಡ್ ಮಾಡಿಸಿದೆವು. ಒಳಗೆ ‘ಸಂಚಿಕೆ 2 ಇಲ್ಲ’ ಅಂತ ಒಂದು ಚೀಟಿ ಅಂಟಿಸಿದ್ದೇವೆ. ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಅದೇ ಸಂಚಿಕೆಯ ಲೇಖನ ಕೇಳಿಕೊಂಡು ಬಂದಾಗ ಬೇರೆ ಲೈಬ್ರರಿಯಿಂದ ಪ್ರತಿ ತರಿಸಿಕೊಟ್ಟೆ. ಸಿಕ್ಕಿತು ನಿಜ. ಆದರೂ ಆ ಚೀಟಿ ಕಂಡಾಗಲೆಲ್ಲ ಇವತ್ತಿಗೂ ಬೇಜಾರಾಗುತ್ತದೆ.

ಏಜೆಂಟ್ ಇದ್ದಾಗ ಈ ಬೆನ್ನುಹತ್ತುವ ಕೆಲಸ ಅವರದು. ನಾನು ಒಂದು ಪಟ್ಟಿ ಕಳಿಸಿದರೆ ಸಾಕು, ಯಾವ ಪ್ರಕಾಶಕರಿಗೆ ಯಾವ ರೀತಿ ಬರೆಯಬೇಕು ಅಂತ ಅವರಿಗೆ ಗೊತ್ತು. ಅಚ್ಚಿನ ಜರ್ನಲ್ ಜಾಸ್ತಿ ಇರುವ ಲೈಬ್ರರಿಗೆ ಆ ಶುಲ್ಕ ದಂಡವಲ್ಲ ಅಂತಲೇ ನನ್ನ ಅಭಿಪ್ರಾಯ.

ಆದರೆ ಅಲ್ಲೂ ಅಪಾಯ ಇದೆ. ವರ್ಷದ ಹಣವನ್ನೆಲ್ಲ ಮುಂಗಡವಾಗಿ ಒಬ್ಬರ ಕೈಗೆ ಕೊಡುತ್ತೇವೆ. 2014ರಲ್ಲಿ ಸ್ವೆಟ್ಸ್ ಎಂಬ ದೊಡ್ಡ ಚಂದಾ ಏಜೆನ್ಸಿ ದಿವಾಳಿಯಾದಾಗ ಮುಂಗಡ ಕಟ್ಟಿದ್ದ ಲೈಬ್ರರಿಗಳು ಪೆಟ್ಟು ತಿಂದವು. ಅದಕ್ಕೂ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ರೋಕಾಮ್ ಎಂಬ ಇನ್ನೊಂದು ಏಜೆನ್ಸಿಯ ವಿಷಯದಲ್ಲಿ ಇದೇ ಆಗಿತ್ತು. ಹಾಗಾಗಿ ಪ್ರಕಾಶಕರಿಗೆ ಹಣ ತಲುಪಿದ್ದಕ್ಕೆ ಪುರಾವೆ ಕೇಳದೆ ನಾನು ಸುಮ್ನೆ ಕೂರುವುದಿಲ್ಲ.

ಆನ್‌ಲೈನ್ ಜರ್ನಲ್‌ಗೆ ಬಂದರೆ ನೇರ ಪಾವತಿಯೇ ಮೇಲು. ಜನವರಿಯಲ್ಲಿ ಒಂದು ಜರ್ನಲ್ ತೆರೆಯುವುದು ನಿಂತಿತು ಅನ್ನಿ. ನಡುವೆ ಏಜೆಂಟ್ ಇದ್ದರೆ ಪ್ರಕಾಶಕರು ‘ಹಣ ಬಂದಿಲ್ಲ’ ಅನ್ನುತ್ತಾರೆ, ಏಜೆಂಟ್ ‘ಕಳಿಸಿ ಆಯ್ತು’ ಅನ್ನುತ್ತಾರೆ. ಅಲ್ಲಿ ಓದುಗರು ಕಾಯುತ್ತಾ ಇರುತ್ತಾರೆ. ನೇರ ಕಟ್ಟಿದ್ದಾಗ ಒಂದು ಇಮೇಲಿಗೆ ಅದೇ ದಿನ ತೆರೆದುಕೊಂಡದ್ದು ನೋಡಿದ್ದೇನೆ. ಯಾವ ದಾರಿಯಾದರೂ ಇನ್ವಾಯ್ಸಿನಲ್ಲಿ ಐಎಸ್‌ಎಸ್‌ಎನ್ ನೋಡಿ. ಜರ್ನಲ್ ಗುರುತಿಸುವ ಎಂಟು ಅಂಕಿಯ ಈ ಸಂಖ್ಯೆ ಅಚ್ಚಿಗೆ ಒಂದು, ಆನ್‌ಲೈನಿಗೆ ಇನ್ನೊಂದು ಇರುತ್ತದೆ. ಬರೀ ಹೆಸರು ನೋಡಿ ಸಹಿ ಮಾಡಿದರೆ, ಬೇಡದ ಅಚ್ಚಿನ ಪ್ರತಿಗೆ ಹಣ ಕಟ್ಟಿದಂತಾಗಬಹುದು.

ಇನ್ನು ಪ್ಯಾಕೇಜ್. ಒಬ್ಬ ಪ್ರಕಾಶಕರ ಬಹುತೇಕ ಎಲ್ಲ ಜರ್ನಲ್ ಒಂದೇ ಒಪ್ಪಂದದಲ್ಲಿ, ಹಲವು ವರ್ಷಕ್ಕೆ. 1996ರ ಹೊತ್ತಿಗೆ ಅಕಾಡೆಮಿಕ್ ಪ್ರೆಸ್ ಶುರುಮಾಡಿದ ಈ ಪದ್ಧತಿಗೆ ಆಮೇಲೆ ‘ಬಿಗ್ ಡೀಲ್’ ಅಂತ ಹೆಸರು ಬಂತು. ಮೊದಲ ವರ್ಷ ನಮಗೆ ಹಬ್ಬದಂತೆ ಅನ್ನಿಸಿತ್ತು. ಎರಡನೇ ವರ್ಷ, ಯಾವ ಜರ್ನಲ್ ಎಷ್ಟು ಸಲ ಬಳಕೆಯಾಯಿತು ಅಂತ ತೋರಿಸುವ ‘ಕೌಂಟರ್’ ವರದಿ ತೆಗೆದು ನೋಡಿದೆ. ಅದರಲ್ಲಿ ಟಿಆರ್ ಜೆ1 ಎಂಬ ಭಾಗ ಉಚಿತವಾಗಿ ಸಿಗುವ ಲೇಖನಗಳನ್ನು ಬಿಟ್ಟು, ಹಣ ಕೊಟ್ಟದ್ದರ ಬಳಕೆಯನ್ನಷ್ಟೇ ಎಣಿಸುತ್ತದೆ. ಸಾಲು ಸಾಲಾಗಿ ಜರ್ನಲ್‌ಗಳು ಸೊನ್ನೆಯಲ್ಲಿ, ಒಂದರಲ್ಲಿ, ಎರಡರಲ್ಲಿ ನಿಂತಿದ್ದವು.

ಕೂಡಲೇ ಪ್ಯಾಕೇಜ್ ಬಿಟ್ಟುಬಿಡಬೇಕು ಅನ್ನಿಸುವುದು ಸಹಜ. ಸ್ವಲ್ಪ ತಾಳಿ, ಟಿಆರ್ ಜೆ4 ನೋಡಿ. ಓದಿದ ಲೇಖನ ಯಾವ ವರ್ಷದ್ದು ಅಂತ ಅದು ತೋರಿಸುತ್ತದೆ. ಹಿಂದಿನ ವರ್ಷಗಳ ಮೇಲೆ ನಿಮಗೆ ಶಾಶ್ವತ ಹಕ್ಕಿದ್ದರೆ, ಚಂದಾ ನಿಲ್ಲಿಸಿದರೂ ಆ ಬಳಕೆ ಕೈತಪ್ಪುವುದಿಲ್ಲ. ಹಕ್ಕಿಲ್ಲದಿದ್ದರೆ ಒಂದೇ ದಿನದಲ್ಲಿ ಎಲ್ಲ ಬಾಗಿಲೂ ಮುಚ್ಚುತ್ತವೆ. ನಮ್ಮ ಒಪ್ಪಂದದಲ್ಲಿ ನಾವು ಮೊದಲಿನಿಂದ ಚಂದಾ ಕಟ್ಟುತ್ತಿದ್ದ ಜರ್ನಲ್‌ಗಳಿಗೆ ಮಾತ್ರ ಆ ಹಕ್ಕಿತ್ತು. ಉಳಿದವು ಬಾಡಿಗೆ ಮನೆಯಿದ್ದಂತೆ.

ಬರೀ ಅಂಕಿ ನಂಬಿಯೂ ಕತ್ತರಿ ಹಾಕಬೇಡಿ. ಗಣಿತ ವಿಭಾಗದ ಒಂದು ಜರ್ನಲ್ ವರ್ಷಕ್ಕೆ ಹನ್ನೊಂದು ಸಲ ತೆರೆದಿತ್ತು. ರದ್ದುಪಟ್ಟಿಯಲ್ಲಿ ಅದೂ ಇತ್ತು. ವಿಭಾಗಕ್ಕೆ ಹೋಗಿ ಕೇಳಿದಾಗ ಗೊತ್ತಾಯಿತು, ಆ ವಿಷಯದ ಮೇಲೆ ಕೆಲಸ ಮಾಡುವವರೇ ಮೂವರು, ಮೂವರೂ ಅದನ್ನೇ ನೆಚ್ಚಿದ್ದರು. ಅದು ಉಳಿಯಿತು.

ಈಗ ನಮ್ಮಲ್ಲಿ ಹೀಗಿದೆ: ಅಚ್ಚಿನವು ಮತ್ತು ಸಣ್ಣ ಸಂಘಗಳ ಜರ್ನಲ್ ಏಜೆಂಟ್ ಮೂಲಕ. ದೊಡ್ಡ ಪ್ರಕಾಶಕರ ಆನ್‌ಲೈನ್ ಜರ್ನಲ್ ನೇರವಾಗಿ. ಪ್ಯಾಕೇಜ್ ಒಂದೇ, ಬಳಕೆ ಎಲ್ಲ ವಿಭಾಗಗಳಿಗೂ ಹರಡಿಕೊಂಡಿರುವಂಥದ್ದು. ಅದರ ಒಪ್ಪಂದದ ಪ್ರತಿಯಲ್ಲಿ ರದ್ದತಿ ನೋಟಿಸ್ ಕೊಡಬೇಕಾದ ಕೊನೆಯ ದಿನಾಂಕಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಅದಕ್ಕೆ ಮೂರು ತಿಂಗಳ ಮುಂಚೆಯೇ ವರದಿ ತೆಗೆದು ವಿಭಾಗಗಳ ಬಾಗಿಲು ತಟ್ಟಲು ಹೊರಡುತ್ತೇನೆ.