ಮುಂಬಯಿಯ ಸರ್ಕಾರಿ ಆಸ್ಪತ್ರೆಗಳು: ಡಾಕ್ಟರಿಗೆ ನಾಲ್ಕೂವರೆ, ಕಿಟಕಿಗೆ ಎರಡು

ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಾಯನ್‌ನ ಲೋಕಮಾನ್ಯ ತಿಲಕ್, ಜುಹುವಿನ ಕೂಪರ್ ಮಹಾನಗರ ಪಾಲಿಕೆಯವು. ಬೈಕುಲ್ಲಾದ ಜೆಜೆ ರಾಜ್ಯ ಸರ್ಕಾರದ್ದು, ಆದರೆ ವೈದ್ಯಕೀಯ ಶಿಕ್ಷಣ ಇಲಾಖೆಯದು. ನಮ್ಮವರ ಬಾಯಲ್ಲಿ ಎಲ್ಲವೂ 'ಸರ್ಕಾರಿ ದವಾಖಾನೆ'ಯೇ. ಆದರೆ ಶುಲ್ಕ, ಔಷಧ ಖರೀದಿ, ದೂರು ಕೊಡುವ ಜಾಗ ಬೇರೆ ಬೇರೆ. 2023ರ ಆಗಸ್ಟ್ 15ರಿಂದ ಚಿಕಿತ್ಸೆ ಉಚಿತವಾದದ್ದು ರಾಜ್ಯದ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಮಾತ್ರ. ಆ ಸುದ್ದಿ ಹಿಡಿದು ಪಾಲಿಕೆ ಆಸ್ಪತ್ರೆಯ ಕಿಟಕಿಯಲ್ಲಿ ಜಗಳ ತೆಗೆದರೆ ಸರದಿ ತಪ್ಪುತ್ತದೆ, ಅಷ್ಟೇ.

ವೈದ್ಯರ ಕೈಗುಣಕ್ಕೆ ಐದರಲ್ಲಿ ನಾಲ್ಕೂವರೆ ಕೊಡಬಹುದು. ಇಲ್ಲಿನ ರೆಜಿಸ್ಟ್ರಾರ್ (ಸ್ನಾತಕೋತ್ತರ ಓದುತ್ತಲೇ ರೋಗಿಗಳನ್ನು ನೋಡುವ ಕಿರಿಯ ಡಾಕ್ಟರು) ಒಂದೇ ಮಳೆಗಾಲದಲ್ಲಿ ನೋಡುವಷ್ಟು ಲೆಪ್ಟೊಸ್ಪೈರೋಸಿಸ್ (ಇಲಿಜ್ವರ), ಮಲೇರಿಯಾ, ಡೆಂಗಿಯನ್ನು ಖಾಸಗಿಯವರು ವರ್ಷಗಟ್ಟಲೆ ನೋಡಿರುವುದಿಲ್ಲ. ಸೋಲು ಬರುವುದು ಡಾಕ್ಟರು ಬರೆದದ್ದು ರೋಗಿಗೆ ತಲುಪುವ ದಾರಿಯಲ್ಲಿ. ಆ ದಾರಿಗೆ, ಅಂದರೆ 'ಕಿಟಕಿ'ಗೆ, ಐದರಲ್ಲಿ ಎರಡೇ.

ಆ ದಾರಿಯ ಮೊದಲ ಗುಂಡಿ 'ಯುನಿಟ್'. ಮೆಡಿಸಿನ್, ಸರ್ಜರಿ, ಆರ್ಥೊ, ಪ್ರತಿ ವಿಭಾಗವೂ ಯುನಿಟ್‌ಗಳಾಗಿ, ಅಂದರೆ ವೈದ್ಯರ ತಂಡಗಳಾಗಿ, ಒಡೆದಿರುತ್ತದೆ. ಪ್ರತಿ ಯುನಿಟ್‌ಗೂ ವಾರದಲ್ಲಿ ನಿಗದಿಯಾದ ಓಪಿಡಿ (ಹೊರರೋಗಿಗಳನ್ನು ನೋಡುವ) ದಿನಗಳಿವೆ. ಮೊದಲ ಸಲ ಯಾವ ಯುನಿಟ್ ನೋಡಿತೋ ಮುಂದಿನ ಭೇಟಿಯೂ ಅಲ್ಲೇ. ಬೇರೆ ದಿನ ಹೋದವರನ್ನು ಎರಡು ಗಂಟೆ ಸಾಲಿನಲ್ಲಿ ನಿಲ್ಲಿಸಿ ವಾಪಸ್ ಕಳಿಸುತ್ತಾರೆ. ಕೇಸ್ ಪೇಪರಿನ (ಹೆಸರು ನೋಂದಾಯಿಸಿದಾಗ ಕೊಡುವ ಚೀಟಿಯ) ಮೂಲೆಯಲ್ಲಿ ಗೀಚಿದ ಯುನಿಟ್ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ನಿಮ್ಮ ವಿಳಾಸ. ಕೇಸ್ ಪೇಪರ್ ಕಿಟಕಿ ಬೆಳಗಿನ ಹೊತ್ತು ಮಾತ್ರ ತೆರೆದಿರುತ್ತದೆ, ಹನ್ನೊಂದರ ಮೇಲೆ ಹೋಗುವುದು ದಂಡ. ಕ್ಯುಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ಸೌಲಭ್ಯ ಇರುವಲ್ಲಿ ಆಭಾ ಸಂಖ್ಯೆಯನ್ನು (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಮನೆಯಲ್ಲೇ ಮಾಡಿಸಿಕೊಂಡು ಬರುವುದು ಲಾಭ.

ಎರಡನೆಯದು ಔಷಧ ಮತ್ತು ತಪಾಸಣೆ. ಟೆಂಡರು ತಡವಾದರೆ ಮಾಮೂಲಿ ಮಾತ್ರೆ, ಸಲೈನು, ಸೂಜಿಯೂ 'ಬಾಹರ್ ಸೆ ಲಾವೋ' (ಹೊರಗಿನಿಂದ ತನ್ನಿ) ಚೀಟಿಗೆ ಏರುತ್ತವೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಜೆನೆರಿಕ್ ಹೆಸರು ಬರೆಸಿಕೊಂಡು ಜನೌಷಧಿ ಅಂಗಡಿಯಲ್ಲಿ ಕೇಳಿ. ಶಸ್ತ್ರಚಿಕಿತ್ಸೆಯ ಇಂಪ್ಲಾಂಟ್‌ನಂಥ ದೊಡ್ಡ ಚೀಟಿ ಬಂದರೆ ಅಂಗಡಿಗೆ ಓಡುವ ಮೊದಲು ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೋಗಬೇಕು. ಬಡವರಿಗಾಗಿ ಪೂವರ್ ಬಾಕ್ಸ್ ನಿಧಿ ಇರುವುದು, ಟ್ರಸ್ಟ್‌ಗಳಿಗೆ ಅರ್ಜಿ ಬರೆಸುವುದು ಅಲ್ಲೇ. ಬಿಲ್ಲು ಕೊಟ್ಟಾದ ಮೇಲೆ ಹೋದರೆ ಹಣ ಹಿಂದೆ ಬರುವುದಿಲ್ಲ. ಎಂಆರ್‌ಐ ಸರದಿ ಉದ್ದ. ತುರ್ತಾಗಿದ್ದರೆ ಫಾರ್ಮಿನ ಮೇಲೆ ಕಾರಣಸಹಿತ 'ಅರ್ಜೆಂಟ್' ಎಂದು ಬರೆದು ಸಹಿ ಹಾಕಿಕೊಡುವಂತೆ ರೆಜಿಸ್ಟ್ರಾರರನ್ನೇ ಕೇಳಬೇಕು. ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ಗುಣಮಟ್ಟ ಅಳೆಯಲು ಸರ್ಕಾರದ್ದೇ ಅಳತೆಗೋಲಿದೆ, ಎನ್‌ಕ್ಯುಎಎಸ್ (ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡ). ಎಂಟು ವಿಭಾಗ, ಪ್ರತಿ ಅಂಶಕ್ಕೆ 0, 1 ಅಥವಾ 2 ಅಂಕ. ನೋಡಿ, ಸಿಬ್ಬಂದಿಯನ್ನು ಕೇಳಿ, ದಾಖಲೆ ತಿರುವಿ, ರೋಗಿಯನ್ನು ವಿಚಾರಿಸಿ ಅಂಕ ಕೊಡುತ್ತಾರೆ. ಪದ್ಧತಿ ಚೆನ್ನಾಗಿದೆ, ತೊಂದರೆ ಏನೆಂದರೆ ತನಿಖೆಯ ದಿನ ವಾರ್ಡು ಮದುವೆಮನೆಯಾಗಿರುತ್ತದೆ. ಸಂಬಂಧಿಕರು ಮಾಮೂಲಿ ದಿನದ ಸಂಜೆ ತಾವೇ ನೋಡಲಿ. ಸಲೈನು ಏರಿಸಲು ಕೈಗೆ ಚುಚ್ಚಿದ ಕ್ಯಾನುಲಾದ (ಸಣ್ಣ ಕೊಳವೆಯ) ಟೇಪಿನ ಮೇಲೆ ತಾರೀಖು ಇದೆಯೇ? ಇಲ್ಲದಿದ್ದರೆ ಎಷ್ಟು ದಿನದ್ದೆಂದು ರಾತ್ರಿಪಾಳಿಯ ಸಿಸ್ಟರಿಗೂ ತಿಳಿಯದು. ಸುತ್ತ ಕೆಂಪಾಗಿ ಊದಿದ್ದರೆ ಬೆಳಗಿನ ರೌಂಡಿಗೆ ಕಾಯದೆ ಆಗಲೇ ತೋರಿಸಬೇಕು. ಸೂಜಿ ಬೀಳಬೇಕಾದ ಬಿಳಿ ಡಬ್ಬಿಗೇ ಬೀಳುತ್ತದೋ, ತಪ್ಪಿ ಹಳದಿ ಚೀಲಕ್ಕೋ? ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈಗೆ ಸ್ಯಾನಿಟೈಸರ್ ಹಚ್ಚುತ್ತಾರೋ? ಗೋಡೆಯ ಬಣ್ಣಕ್ಕಿಂತ ಇವು ಹೆಚ್ಚು ಹೇಳುತ್ತವೆ. ನೆಲದ ಮೇಲೆ ಹಾಸಿಗೆ ಹಾಕಿದ್ದನ್ನು ಕಂಡು ಬೆಚ್ಚಬೇಡಿ. ಬಂದವರನ್ನು ಹಿಂದೆ ಕಳಿಸದ ಆಸ್ಪತ್ರೆಗಳಲ್ಲಿ ಹಾಗಾಗುತ್ತದೆ. ಆದರೆ ಸ್ಟ್ರೆಚರ್ ತಳ್ಳಲು 'ಮಾಮಾ' (ವಾರ್ಡ್‌ಬಾಯ್) ಸಿಗದೆ ಮಗನೇ ಅಪ್ಪನನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋಗುವುದಕ್ಕೆ ಕ್ಷಮೆಯಿಲ್ಲ. ಕಿಟಕಿಗೆ ಕೊಟ್ಟ ಎರಡರಲ್ಲಿ ಅರ್ಧ ಅಂಕ ಇದರಿಂದಲೇ ಕಡಿಯಬಹುದು.

ಕಲಬುರಗಿ, ವಿಜಯಪುರದಿಂದ ದುಡಿಮೆಗೆ ಬಂದವರಿಗೆ ಇನ್ನೊಂದು ತೊಡಕು. ಮಹಾರಾಷ್ಟ್ರ ಸರ್ಕಾರದ ಉಚಿತ ಚಿಕಿತ್ಸೆಯ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಗೆ ಮಹಾರಾಷ್ಟ್ರದವರೆಂಬ ದಾಖಲೆ ಬೇಕು, ಊರಿನ ಬಿಪಿಎಲ್ ಕಾರ್ಡು ನಡೆಯದು. ಆದರೆ ಊರಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡು ಕೇಂದ್ರದ ಆರೋಗ್ಯ ಯೋಜನೆ ಪಿಎಂ-ಜೆಎವೈ ಪಟ್ಟಿಯದಾದರೆ ಇಲ್ಲಿಯ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಕರ್ನಾಟಕ ಸರ್ಕಾರ ತಾನೇ ಸೇರಿಸಿಕೊಂಡವರದಾದರೆ ಇಲ್ಲ. ಅದರ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ವಿಚಾರಿಸಿಕೊಂಡು, ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಮೇಜಿಗೆ ಕಾರ್ಡು ತೋರಿಸಬೇಕು.

ಬರೇ ಜ್ವರ, ಬಿಪಿ, ಸಕ್ಕರೆಗೆ ಪರೇಲಿನವರೆಗೆ ಬರುವ ಅಗತ್ಯವೇ ಇಲ್ಲ. 2022ರ ಕೊನೆಗೆ ಶುರುವಾದ ಪಾಲಿಕೆಯ ಸಣ್ಣ ಚಿಕಿತ್ಸಾಲಯ 'ಆಪ್ಲಾ ದವಾಖಾನಾ' ಸಂಜೆಯೂ ತೆರೆದಿರುತ್ತದೆ, ಕೆಲಸ ಮುಗಿಸಿ ಹೋಗಬಹುದು.