ವಿಜ್ಞಾನ ಲೇಖನಗಳ ಸಂಕಲನ: ಅನುವಾದ ಕೊಳ್ಳಬೇಕೋ, ಅಂಕಣ ಬರಹ ಕೊಳ್ಳಬೇಕೋ?

ಕೋಲಾರ, ಬಾಗೇಪಲ್ಲಿ, ಪಾವಗಡದ ಓದುಗರ ಮುಂದೆ ವಿಜ್ಞಾನದ ಪುಸ್ತಕವೊಂದನ್ನು ಪರೀಕ್ಷೆಗಿಡುವುದಾದರೆ ಅದರಲ್ಲಿನ ಫ್ಲೋರೈಡ್ ಲೇಖನವನ್ನೇ ಮೊದಲು ಓದಿಸಬೇಕು. ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಹಲ್ಲಿಗೆ ಕಂದು ಕಲೆ ಬಂದವರು ಎದುರಿಗೇ ಕೂತಿರುತ್ತಾರೆ; ಪುಸ್ತಕ ತಪ್ಪಿದರೆ ಅಲ್ಲೇ ಹಿಡಿಯುತ್ತಾರೆ. ಇಂಗ್ಲಿಷಿನಿಂದ ಅನುವಾದವಾದದ್ದು, ಪತ್ರಿಕೆಯ ಅಂಕಣಗಳನ್ನು ಒಟ್ಟು ಮಾಡಿದ್ದು, ಪ್ರಶ್ನೋತ್ತರದ್ದು, ಹೀಗೆ ಮೂರು ಬಗೆಯನ್ನೂ ಗಟ್ಟಿಯಾಗಿ ಓದಿಸಿ ನೋಡಿದ್ದಾಯಿತು.

ಅನುವಾದದ ಸಂಕಲನ ಮೊದಲ ಪುಟದಲ್ಲೇ ಎಡವಿತು. ಹಲ್ಲು ಹುಳುಕಾಗದಿರಲೆಂದು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುತ್ತಾರೆ ಎಂದು ಅಲ್ಲಿದೆ. ಕೇಳಿದವರು ನಕ್ಕರು. ಅಮೆರಿಕದ ಮಟ್ಟಿಗೆ ಆ ಮಾತು ಸರಿಯೇ: ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ 1945ರಲ್ಲಿ ಶುರುವಾದದ್ದು, 2015ರ ಶಿಫಾರಸು ಲೀಟರಿಗೆ 0.7 ಮಿಲಿಗ್ರಾಂ. ನಮ್ಮ ಕಡೆ ಕಲ್ಲುಬಂಡೆಯಿಂದ ಕರಗಿ ಬರುವುದೇ ಮಿತಿ ಮೀರುತ್ತದೆ. ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಇಷ್ಟನ್ನು ಹೇಳುವ ಎರಡು ಸಾಲಿನ ಅಡಿಟಿಪ್ಪಣಿ ಇದ್ದಿದ್ದರೆ ಸಾಕಿತ್ತು.

ಅಂಕಣದ ಸಂಕಲನ ಇಲ್ಲಿ ಸುಲಭವಾಗಿ ಗೆದ್ದಿತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಿದೆ. ಲೀಟರಿಗೆ 2 ಮಿಲಿಗ್ರಾಂ ಇರುವ 3 ಲೀಟರ್ ನೀರು ಕುದ್ದು 2 ಲೀಟರಿಗೆ ಇಳಿದರೆ ಒಳಗಿನ 6 ಮಿಲಿಗ್ರಾಂ ಹಾಗೇ ಉಳಿದು, ಲೀಟರಿಗೆ 3 ಆಗುತ್ತದೆ. ಓದಿ ಮುಗಿಸಿದ ಕೂಡಲೇ ಮನೆಯ ಫಿಲ್ಟರಿನ ಮಾತು ಎದ್ದಿತು. ಪುಸ್ತಕ ತಟ್ಟಿದೆ ಎನ್ನಲು ಅಷ್ಟು ಸಾಕು.

ಅನುವಾದದಲ್ಲಿ ಸಂಖ್ಯೆಗಳನ್ನು ಕಣ್ಣುಮುಚ್ಚಿ ನಂಬಬಾರದು. ಒಂದು ಬಿಲಿಯನ್ ಎಂದರೆ 100 ಕೋಟಿ. ವಿಶ್ವದ ವಯಸ್ಸು 13.8 ಬಿಲಿಯನ್ ವರ್ಷ, ಅಂದರೆ 1,380 ಕೋಟಿ. ಅದು ‘13.8 ಕೋಟಿ’ ಎಂದು ಅಚ್ಚಾದರೆ 450 ಕೋಟಿ ವರ್ಷ ದಾಟಿದ ಭೂಮಿಗಿಂತ ವಿಶ್ವವೇ ಚಿಕ್ಕದಾಗುತ್ತದೆ. ಫ್ಯಾರನ್‌ಹೀಟಿನದು ಇನ್ನೊಂದು ಎಡವಟ್ಟು. ತಾಪ 9 ಡಿಗ್ರಿ ಫ್ಯಾರನ್‌ಹೀಟ್ ಏರಿತು ಎಂದರೆ 5 ಡಿಗ್ರಿ ಸೆಲ್ಸಿಯಸ್ ಏರಿತು ಎಂದರ್ಥ. ಏರಿಕೆಯ ಲೆಕ್ಕದಲ್ಲಿ 32 ಕಳೆಯುವ ಹಾಗಿಲ್ಲ. ಕಳೆದವರ ಪುಸ್ತಕದಲ್ಲಿ ಅದು ಮೈನಸ್ 12.8 ಆಗಿರುತ್ತದೆ, ಸುತ್ತಲಿನ ವಾಕ್ಯ ಮಾತ್ರ ‘ಬಿಸಿಯಾಯಿತು’ ಎನ್ನುತ್ತಿರುತ್ತದೆ.

ಪದಗಳೂ ಕಾಡುತ್ತವೆ. ‘ಸಾವಯವ’ ಎಂದರೆ ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರಿಗೆ ರಾಸಾಯನಿಕ ಹಾಕದ್ದು. ರಸಾಯನಶಾಸ್ತ್ರದಲ್ಲಿ ಇಂಗಾಲದ ಸಂಯುಕ್ತ. ಆ ಲೆಕ್ಕದಲ್ಲಿ ಕೀಟನಾಶಕ ಡಿಡಿಟಿಯೂ ಸಾವಯವವೇ! ಹಿಂದೆಮುಂದೆ ವಿವರಿಸದೆ ಆ ಪದ ಬಳಸಿದ ಪುಟಕ್ಕೆ ಓದು ನಿಂತೇ ಹೋಗುತ್ತದೆ. ‘ದ್ಯುತಿಸಂಶ್ಲೇಷಣೆ’ಯಂಥ ಗಡಸು ಪದ ಅಷ್ಟು ತೊಂದರೆ ಕೊಡುವುದಿಲ್ಲ, ಶಾಲೆಯಲ್ಲಿ ಕಲಿತದ್ದು ನೆನಪಿರುತ್ತದೆ. ದಿನಬಳಕೆಯ ಪದ ಬೇರೆ ಅರ್ಥದಲ್ಲಿ ಬಂದಾಗಲೇ ಮೋಸ.

ಹಾಗೆಂದು ಅಂಕಣದ ಸಂಕಲನವನ್ನು ಕಣ್ಣಿಗೊತ್ತಿಕೊಳ್ಳಬೇಕಿಲ್ಲ. ಅದರ ದೊಡ್ಡ ಕೊರತೆ ದಿನಾಂಕ. ಲೇಖನ ಯಾವ ವರ್ಷದ್ದೆಂದು ಕೊನೆಯಲ್ಲಿ ಹಾಕದಿದ್ದರೆ, ಪ್ಲೂಟೊ ಗ್ರಹಗಳ ಪಟ್ಟಿಯಿಂದ ಹೊರಬಿದ್ದ 2006ಕ್ಕೆ ಮುಂಚಿನ ‘ಒಂಬತ್ತು ಗ್ರಹ’ ಇವತ್ತಿನ ಮಾತಾಗಿ ಉಳಿದುಬಿಡುತ್ತದೆ. ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಲೇಖನಕ್ಕೂ ಅದೇ ಗತಿ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋ ಸುಳಿವು ಸಿಕ್ಕಿದ್ದನ್ನು ಸೊಗಸಾಗಿ ಬರೆದು, ಮುಂದಿನ ಸಾಲಿನಲ್ಲೇ ಅದಕ್ಕೆ ದ್ರವ್ಯರಾಶಿಯೇ ಇಲ್ಲ ಎಂದುಬಿಟ್ಟಿದೆ. ದ್ರವ್ಯರಾಶಿ ಇದೆ ಎಂಬುದಕ್ಕೆ 1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಶೋಧಕದಿಂದ ಪುರಾವೆ ಬಂತು. ಜೊತೆಗೆ ವಾರವಾರ ಬರೆದದ್ದಾದ್ದರಿಂದ ಓಝೋನ್ ಪದರದ ಪೀಠಿಕೆ ಮೂರು ಕಡೆ ಬರುತ್ತದೆ. ಒಟ್ಟಿಗೆ ಓದುವವರಿಗೆ ಬೇಸರ, ದಿನಕ್ಕೊಂದು ಓದುವವರಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೋತ್ತರದ ಪುಸ್ತಕ ಕ್ವಿಜ್‌ಗೆ ಸರಿ. ‘ಏಕೆ’ ಎಂದು ಎರಡನೇ ಸಲ ಕೇಳಿದರೆ ಅದರಲ್ಲಿ ಉತ್ತರವಿಲ್ಲ.

ಹಳ್ಳಿಯ ಗ್ರಂಥಾಲಯಕ್ಕೆ ಒಂದೇ ಕೊಳ್ಳುವುದಾದರೆ ದಿನಾಂಕ ಹಾಕಿದ ಅಂಕಣ ಸಂಕಲನ. ಪಿಯು ವಿಜ್ಞಾನದ ಮಕ್ಕಳಿಗೆ ಅನುವಾದವೇ ಮೇಲು. ಒಂದು ವಿಷಯವನ್ನು ಇಪ್ಪತ್ತು ಪುಟ ಬಿಡದೆ ಹಿಂಬಾಲಿಸುವ ಲೇಖನ ಅಂಕಣದಲ್ಲಿ ಸಿಗುವುದಿಲ್ಲ. ಅಂಗಡಿಯಲ್ಲಿ ನಿಂತೇ ನೋಡಬಹುದಾದದ್ದು ಮೂರು: ಕೊನೆಯಲ್ಲಿ ಪದಸೂಚಿ, ಲೇಖನದಡಿ ವರ್ಷ, ಖಗೋಳದ ಲೇಖನದಲ್ಲಿ ಬಿಲಿಯನ್ ಎಷ್ಟು ಕೋಟಿಯಾಗಿದೆ ಎಂಬುದು.