ಟಾಮ್, ಜಿಮ್, ಬಾಬೊ: ಮೂರು ಕೃತಿಗಳ ಓದು

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಥೆಗಾರರು ಗುಲಾಮಗಿರಿಯನ್ನು ಹೇಗೆ ಕಂಡರೆಂದು ತಿಳಿಯಲು ಮೂರು ಕೃತಿಗಳನ್ನು ಒಂದರ ಬೆನ್ನಿಗೊಂದು ಓದಿದೆ. ಓದುವಾಗ ನನ್ನೆದುರಿಗಿದ್ದ ಪ್ರಶ್ನೆ ಒಂದೇ: ಇಲ್ಲಿನ ಕಪ್ಪು ಮನುಷ್ಯ ಲೇಖಕರ ಉದ್ದೇಶಕ್ಕೆ ಬೇಕಾದ ಅಚ್ಚಿನ ಗೊಂಬೆಯೋ, ತನ್ನದೇ ಬುದ್ಧಿ, ಸಿಟ್ಟು, ಆಸೆಗಳುಳ್ಳವನೋ?

ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ (1852), ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದುಕೊಡುವ ಹೊಣೆಯನ್ನು ಉತ್ತರದ ರಾಜ್ಯಗಳ ಜನರ ಮೇಲೂ ಹೊರಿಸಿದ 1850ರ ಕಾಯಿದೆಯ ವಿರುದ್ಧ ಹುಟ್ಟಿದ ಕಾದಂಬರಿ. ಮಗುವನ್ನೆತ್ತಿಕೊಂಡು ಒಹಾಯೊ ನದಿಯ ಮಂಜುಗಡ್ಡೆಗಳ ಮೇಲೆ ಜಿಗಿಯುತ್ತ ದಾಟುವ ಎಲೈಜಾಳನ್ನು ಓದಿ ನಾನು ಅತ್ತಿದ್ದೇನೆ. ಆದರೆ ತಿಳಿಮೈಬಣ್ಣದ ಎಲೈಜಾ ಮತ್ತು ಅವಳ ಗಂಡ ಜಾರ್ಜ್ ಓಡಿಹೋಗುತ್ತಾರೆ, ತಿರುಗಿ ನಿಲ್ಲುತ್ತಾರೆ. ಕಡುಗಪ್ಪಿನ ಟಾಮ್ ಎಲ್ಲವನ್ನೂ ತಾಳಿಕೊಳ್ಳುತ್ತಾನೆ, ಗುಲಾಮ ಹುಡುಗಿ ಟಾಪ್ಸಿ ನಗಿಸುತ್ತಾಳೆ. ಈ ಹಂಚಿಕೆ ಕಣ್ಣಿಗೆ ಬಿದ್ದ ಮೇಲೆ ಮರೆಯಲಾಗುವುದಿಲ್ಲ. ಟಾಮ್‌ಗೂ ನ್ಯಾಯ ಸಲ್ಲಬೇಕು: ಅಡಗಿರುವ ಇಬ್ಬರು ಹೆಂಗಸರ ಸುಳಿವು ಕೊಡಲೊಪ್ಪದೆ ಹೊಡೆತ ತಿಂದು ಸಾಯುವವನು ಹೇಡಿಯಲ್ಲ.

ಮಾರ್ಕ್ ಟ್ವೇನ್ ಅವರ ‘ಹಕಲ್‌ಬೆರಿ ಫಿನ್’ ಅಮೆರಿಕದಲ್ಲಿ ಪ್ರಕಟವಾದದ್ದು 1885ರಲ್ಲಿ, ಗುಲಾಮಗಿರಿ ರದ್ದಾಗಿ ಇಪ್ಪತ್ತು ವರ್ಷಗಳಾದ ಮೇಲೆ. ಬಾಗಿಲು ಹಾಕೆಂದರೂ ಹಾಕದ ಪುಟ್ಟ ಮಗಳಿಗೆ ಹೊಡೆದು, ಜ್ವರದಿಂದ ಅವಳ ಕಿವಿ ಹೋಗಿತ್ತೆಂದು ಆಮೇಲೆ ತಿಳಿದು ಓಡಿಬಂದ ಗುಲಾಮ ಜಿಮ್ ಸಂಕಟಪಡುವ ಪುಟಕ್ಕೆ ಸಮನಾದದ್ದು ಸ್ಟೋವ್ ಅವರಲ್ಲಿಲ್ಲ. ಅಂಥ ತಂದೆಯನ್ನು ಕೊನೆಯ ಅಧ್ಯಾಯಗಳಲ್ಲಿ ಕಥಾನಾಯಕ ಹಕ್‌ನ ಗೆಳೆಯ, ಟಾಮ್ ಸಾಯರ್ ಎಂಬ ಹುಡುಗನ ಆಟದ ವಸ್ತುವಾಗಿಸಿ, ಒಡತಿಯ ಉಯಿಲಿನಿಂದ ಅವನು ಆಗಲೇ ಬಿಡುಗಡೆಯಾಗಿದ್ದ ಸಂಗತಿಯನ್ನು ಮುಚ್ಚಿಟ್ಟು, ಹಾವು ಇಲಿಗಳ ನಡುವೆ ಕೂಡಿಹಾಕಿದ್ದನ್ನು ನನಗೆ ಈಗಲೂ ಕ್ಷಮಿಸಲಾಗಿಲ್ಲ.

ಒಂದನ್ನೇ ಆರಿಸುವುದಾದರೆ, 1855ರಲ್ಲಿ ಪತ್ರಿಕೆಯೊಂದರಲ್ಲಿ ಕಂತುಗಳಾಗಿ ಬಂದ ಹರ್ಮನ್ ಮೆಲ್ವಿಲ್ ಅವರ ‘ಬೆನಿಟೊ ಸೆರೆನೊ’ವನ್ನೇ ಆರಿಸುತ್ತೇನೆ. 1804ರ ಕೊನೆಯಲ್ಲಿ ಸ್ಪ್ಯಾನಿಷ್ ಹಡಗೊಂದರಲ್ಲಿ ನಿಜವಾಗಿ ನಡೆದ ಗುಲಾಮರ ಬಂಡಾಯ ಇದರ ಮೂಲ. ಕಪ್ಪು ಜನ ಸೇವೆಗೆಂದೇ ಹುಟ್ಟಿದವರೆಂದು ನಂಬಿದ ಅಮೆರಿಕನ್ ಕಪ್ತಾನ ಡೆಲಾನೊ, ಸ್ಪ್ಯಾನಿಷ್ ಕಪ್ತಾನನಿಗೆ ಕ್ಷೌರ ಮಾಡುವ ಬಾಬೊನನ್ನು ನಿಷ್ಠಾವಂತ ಆಳೆಂದು ಮೆಚ್ಚುತ್ತಾನೆ. ಆದರೆ ನಿಜದಲ್ಲಿ ಹಡಗು ಆಗಲೇ ಗುಲಾಮರ ವಶವಾಗಿದೆ, ಬಾಬೊ ಅವರ ನಾಯಕ, ಆ ಕತ್ತಿ ಬೆದರಿಕೆಯ ಕತ್ತಿ. ಮೊದಲ ಓದಿನಲ್ಲಿ ನಾನೂ ಡೆಲಾನೊನ ಕಣ್ಣನ್ನೇ ನಂಬಿದ್ದೆನೆಂಬುದು ತಿಳಿದಾಗ ನಾಚಿಕೆಯಾಯಿತು. ಉಳಿದಿಬ್ಬರು ಲೇಖಕರಿಗೆ ತಾವು ಎರಕ ಹೊಯ್ದ ಅಚ್ಚು ಕಾಣಿಸದು. ಇಲ್ಲಿ ಅದೇ ಅಚ್ಚನ್ನು ಬಾಬೊ ಮುಖವಾಡವಾಗಿ ತೊಟ್ಟು ಆಳುತ್ತಾನೆ.

ಆದರೂ ಬಂಡಾಯದ ಕಥೆ ನಮಗೆ ಸಿಗುವುದು ನ್ಯಾಯಾಲಯದಲ್ಲಿ ಸ್ಪ್ಯಾನಿಷ್ ಕಪ್ತಾನ ಕೊಟ್ಟ ಹೇಳಿಕೆಯಿಂದ. ಸೆರೆಸಿಕ್ಕ ಬಾಬೊ ಸಾಯುವವರೆಗೂ ಬಾಯಿಬಿಡುವುದಿಲ್ಲ. ಮೂವರು ಲೇಖಕರೂ ಬಿಳಿಯರು. ಹಾಗಾಗಿ, ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ವಿಲಿಯಂ ವೆಲ್ಸ್ ಬ್ರೌನ್ 1853ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಕ್ಲೊಟೆಲ್’ ಕಾದಂಬರಿಯನ್ನು ಈಗ ಓದತೊಡಗಿದ್ದೇನೆ.